ಒಬ್ಬರದೇ ಅಂಗಡಿಯೋ, ಪಾಲುದಾರಿಕೆಯೋ, ಕಂಪನಿಯೋ? ಫಾರ್ಮ್ ತುಂಬುವ ಮೊದಲು ಒಂದಿಷ್ಟು ಲೆಕ್ಕಾಚಾರ

ತಿಪಟೂರು ಕಡೆಯ ಭಾವ-ಮೈದುನ ಇಬ್ಬರು ಮೊನ್ನೆ ನನ್ನ ಹತ್ತಿರ ಬಂದಿದ್ದರು. ಗಾಣದ ಕೊಬ್ಬರಿ ಎಣ್ಣೆ ತೆಗೆದು ಮಾರುವ ಯೋಚನೆ. ಗಾಣಕ್ಕೆ ಮುಂಗಡ ಕೊಟ್ಟಾಗಿದೆ, ಎಣ್ಣೆಗೆ ಹೆಸರೂ ಇಟ್ಟಾಗಿದೆ. ಮೈದುನ ಮೊಬೈಲ್ ತೆಗೆದು ಒಂದು ವೆಬ್‌ಸೈಟ್ ತೋರಿಸಿದ. "ಸಾರ್, ವಾರದೊಳಗೆ ಪ್ರೈವೇಟ್ ಲಿಮಿಟೆಡ್ ಮಾಡಿಕೊಡ್ತಾರಂತೆ. ಮಾಡಿಸಿಬಿಡೋಣ್ವಾ?" ಭಾವನ ಕೈಯಲ್ಲಿ ಬೇರೆ ಕಾಗದ ಇತ್ತು. ನೆಟ್ಟಿನಿಂದ ಇಳಿಸಿದ ಪಾರ್ಟ್ನರ್‌ಶಿಪ್ ಡೀಡ್, ಅಂದರೆ ಪಾಲುದಾರಿಕೆಯ ಕರಾರು ಪತ್ರ. ಓದಿದೆ. ಜಗಳ ಬಂದರೆ ದೆಹಲಿಯ ಕೋರ್ಟಿಗೆ ಹೋಗಬೇಕು ಎಂದು ಅದರಲ್ಲಿ ಬರೆದಿತ್ತು. ತಿಪಟೂರಿನವರು ಎಣ್ಣೆ ಲೆಕ್ಕಕ್ಕೆ ದೆಹಲಿಗೆ!

ಅದೇ ವಾರ ಇನ್ನಿಬ್ಬರು ಇದೇ ಪ್ರಶ್ನೆ ಕೇಳಿದರು. ಧಾರವಾಡದ ಒಬ್ಬ ಅಕ್ಕ ಮನೆಯಲ್ಲೇ ಶೇಂಗಾ, ಗುರೆಳ್ಳು ಚಟ್ನಿಪುಡಿ ಮಾಡಿ ವಾಟ್ಸಾಪ್‌ನಲ್ಲಿ ಮಾರುತ್ತಾರೆ. ಹುಬ್ಬಳ್ಳಿಯ ಇಬ್ಬರು ಹುಡುಗರು ಒಂದು ಆ್ಯಪ್ ಮಾಡುತ್ತಿದ್ದಾರೆ. ಅವರಲ್ಲಿ ಒಬ್ಬನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ನಾನು ಆಡಿಟರ್ ಅಲ್ಲ, ವಕೀಲನೂ ಅಲ್ಲ. ಸಣ್ಣಪುಟ್ಟ ವ್ಯಾಪಾರಿಗಳ ಲೆಕ್ಕ ಬರೆದುಕೊಂಡು ಬಂದವನು. ತೆರೆಯುವುದನ್ನೂ ನೋಡಿದ್ದೇನೆ, ಮುಚ್ಚುವುದನ್ನೂ ನೋಡಿದ್ದೇನೆ. ತೆರೆಯುವ ಫಾರ್ಮು ಈಗ ಆನ್‌ಲೈನ್‌ನಲ್ಲಿ ಸುಲಭ. ಮುಚ್ಚುವಾಗ, ಇಲ್ಲವೇ ನಷ್ಟ ಬಂದಾಗ ಆರಿಸಿದ್ದು ಸರಿಯೋ ತಪ್ಪೋ ಗೊತ್ತಾಗುತ್ತದೆ.

ಮೊದಲು ಕೇಳಿಕೊಳ್ಳಬೇಕಾದ್ದು

ವ್ಯಾಪಾರ ಕೈಕೊಟ್ಟರೆ ಸಾಲ ಯಾರ ಮನೆ ಬಾಗಿಲಿಗೆ ಬರುತ್ತದೆ? ಇದು ಮೊದಲನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಎರಡನೆಯದು, ದುಡ್ಡು ಯಾರದ್ದು? ನಿಮ್ಮದೊಂದೇನಾ, ಜೊತೆಗಾರರದ್ದೂ ಇದೆಯಾ, ಮುಂದೆ ಹೊರಗಿನವರು ಹಾಕುತ್ತಾರಾ? ಮೂರನೆಯದು, ವರ್ಷವರ್ಷ ತುಂಬಬೇಕಾದ ಕಾಗದಪತ್ರವನ್ನು ನೆನಪಿಟ್ಟುಕೊಂಡು ತುಂಬುವವರು ಯಾರು? ನಾಲ್ಕನೆಯದು ತೆರಿಗೆ. ಐದನೆಯದು, ಬೇಡವಾದರೆ ಮುಚ್ಚುವುದು ಎಷ್ಟು ಕಷ್ಟ?

"ಕಂಪನಿ ಅಂದ್ರೆ ಮರ್ಯಾದೆ ಜಾಸ್ತಿ ಅಲ್ವಾ" ಎಂದು ಕೆಲವರು ಕೇಳುತ್ತಾರೆ. ಇರಬಹುದು. ಅದನ್ನು ಪಟ್ಟಿಯಲ್ಲಿ ಆರನೆಯದಾಗಿ ಇಟ್ಟುಕೊಳ್ಳಿ.

ಒಂದು ಗೊಂದಲ ಇಲ್ಲೇ ಕಳೆದುಬಿಡೋಣ. ಜಿಎಸ್‌ಟಿಗೂ ವ್ಯಾಪಾರದ ಸ್ವರೂಪಕ್ಕೂ ಸಂಬಂಧವಿಲ್ಲ. ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ಮಾಡಿಸಬೇಕು. ಒಬ್ಬರದೇ ಅಂಗಡಿಯಾದರೂ ಅಷ್ಟೇ, ಕಂಪನಿಯಾದರೂ ಅಷ್ಟೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದು ಗಲಾಟೆಯಾಯಿತಲ್ಲ, ಅಲ್ಲಿ ನೋಡಿದ್ದು ವಹಿವಾಟನ್ನು. "ನಾನು ರಿಜಿಸ್ಟರೇ ಮಾಡಿಸಿಲ್ಲ, ನನಗ್ಯಾಕೆ" ಎನ್ನುವ ಮಾತು ನಡೆಯುವುದಿಲ್ಲ.

ಒಬ್ಬರದೇ ವ್ಯಾಪಾರ: ಪ್ರೊಪ್ರೈಟರ್‌ಶಿಪ್

ಇದಕ್ಕೆಂದೇ ಒಂದು ನೋಂದಣಿ ಇಲ್ಲ. ನೀವೇ ವ್ಯಾಪಾರ, ವ್ಯಾಪಾರವೇ ನೀವು. ನಿಮ್ಮ ಪ್ಯಾನ್ ಕಾರ್ಡೇ ಅಂಗಡಿಯ ಪ್ಯಾನ್. ಬ್ಯಾಂಕಿನಲ್ಲಿ ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯಲು ಸಾಮಾನ್ಯವಾಗಿ ಎರಡು ಪುರಾವೆ ಕೇಳುತ್ತಾರೆ. ಸಣ್ಣ ಉದ್ಯಮ ಎಂದು ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟು, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಪಂಚಾಯ್ತಿ ಅಥವಾ ನಗರಸಭೆಯ ಲೈಸೆನ್ಸು, ಜಿಎಸ್‌ಟಿ, ಇವುಗಳಲ್ಲಿ ಯಾವುದಾದರೂ ಎರಡು.

ತೆರಿಗೆಯಲ್ಲಿ ಸಣ್ಣವರಿಗೆ ಇದಕ್ಕಿಂತ ಹಗುರವಾದದ್ದು ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಒಟ್ಟು ಆದಾಯ 12 ಲಕ್ಷದವರೆಗೆ ಇದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ವಹಿವಾಟು 2 ಕೋಟಿಯೊಳಗಿದ್ದರೆ ಅದರ 8 ಪರ್ಸೆಂಟು, ಬ್ಯಾಂಕು-ಯುಪಿಐ ಮೂಲಕ ಬಂದದ್ದಕ್ಕೆ 6 ಪರ್ಸೆಂಟು ಲಾಭ ಎಂದು ತೋರಿಸಿ, ಲೆಕ್ಕದ ಪುಸ್ತಕದ ತಲೆನೋವಿಲ್ಲದೆ ರಿಟರ್ನ್ ಹಾಕಬಹುದು. ಮುಚ್ಚುವುದೂ ಸುಲಭ. ಲೈಸೆನ್ಸು, ಜಿಎಸ್‌ಟಿ ರದ್ದು ಮಾಡಿಸಿ ಶಟರ್ ಎಳೆದರೆ ಮುಗಿಯಿತು.

ಕಷ್ಟ ಇರುವುದು ಮೊದಲ ಪ್ರಶ್ನೆಯಲ್ಲಿ. ಅಂಗಡಿಯ ಸಾಲ ನಿಮ್ಮ ಸಾಲ. ನಿಮ್ಮ ಹೆಸರಿನ ಸೈಟು, ಮನೆ, ಠೇವಣಿ ಎಲ್ಲವೂ ಅದಕ್ಕೆ ಹೊಣೆ. ಇನ್ನೊಂದು, ಮಾಲೀಕರು ತೀರಿಕೊಂಡರೆ ವ್ಯಾಪಾರವೂ ಕಾನೂನಿನ ಲೆಕ್ಕದಲ್ಲಿ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳು ತಮ್ಮ ಹೆಸರಲ್ಲಿ ಮತ್ತೆ ಶುರು ಮಾಡಬೇಕು.

ಪಾಲುದಾರಿಕೆ: ಡೀಡಿನಲ್ಲಿ ಇರುವುದೇ ವ್ಯವಹಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮ ಊರುಗಳಲ್ಲಿ ಜಾಸ್ತಿ ಇರುವುದೂ ಇದೇ, ಜಾಸ್ತಿ ಕೆಡುವುದೂ ಇದೇ.

ಕಾನೂನು 1932ರದ್ದು. ಇಬ್ಬರಿದ್ದರೆ ಸಾಕು, 50 ಜನರವರೆಗೆ ಸೇರಬಹುದು. ಫರ್ಮನ್ನು ನೋಂದಾಯಿಸಲೇಬೇಕು ಎಂಬ ಕಡ್ಡಾಯವಿಲ್ಲ. ಹಾಗಾಗಿ ಬಹಳ ಜನ ಸ್ಟಾಂಪ್ ಪೇಪರ್ ಮೇಲೆ ಡೀಡ್ ಬರೆಸಿ, ನೋಟರಿ ಸೀಲು ಹಾಕಿಸಿ, ಪ್ಯಾನ್ ತೆಗೆಸಿ ಸುಮ್ನಾಗುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹಿಂದೆ ಗೆಳೆಯನ ಜೊತೆ ಜೆರಾಕ್ಸ್-ಡಿಟಿಪಿ ಅಂಗಡಿ ಇಟ್ಟಿದ್ದೆ. ಒಂದು ಸಂಸ್ಥೆ ವರ್ಷವಿಡೀ ಪ್ರಿಂಟ್ ಮಾಡಿಸಿಕೊಂಡು 84,000 ರೂಪಾಯಿ ಬಾಕಿ ಉಳಿಸಿತು. ವಕೀಲರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಮಾತು, "ಫರ್ಮ್ ರಿಜಿಸ್ಟರ್ ಆಗಿದೆಯಾ?" ಆಗಿರಲಿಲ್ಲ. ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಫರ್ಮು ತನ್ನ ಕರಾರಿನ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. ಅವರು ನಮ್ಮ ಮೇಲೆ ಹಾಕಬಹುದು! ಆಗಲಾದರೂ ನೋಂದಾಯಿಸೋಣ ಎಂದರೆ ಅರ್ಜಿಗೆ ಇಬ್ಬರೂ ಸಹಿ ಹಾಕಬೇಕು. ಅಷ್ಟರಲ್ಲಿ ಗೆಳೆಯನಿಗೂ ನನಗೂ ಮಾತು ನಿಂತಿತ್ತು. ದುಡ್ಡು ಹೋಯಿತು.

ಈಗ ಕರ್ನಾಟಕದಲ್ಲಿ ನೋಂದಣಿ ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಫರ್ಮ್ ನೋಂದಣಿಗೆ ಅರ್ಜಿ ಹಾಕಬಹುದು. ಹೊಸ ಅಂಗಡಿ, ಪಾಲುದಾರರು ಇನ್ನೂ ನಗುತ್ತಾ ಮಾತಾಡುತ್ತಿರುವ ದಿನಗಳಲ್ಲೇ ಇದನ್ನು ಮುಗಿಸಿಬಿಡಿ.

ಇನ್ನು ಡೀಡು. ನೆಟ್ಟಿನಲ್ಲಿ ಸಿಗುವ ಮಾದರಿಯನ್ನು ಬಳಸಬಾರದು ಎಂದೇನಿಲ್ಲ. ಆದರೆ ಹೆಸರು, ವಿಳಾಸ ಬದಲಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಡೀಡು ಬಾಯಿಬಿಡದ ಕಡೆ ಕಾಯ್ದೆ ತನ್ನ ನಿಯಮ ಹೇಳುತ್ತದೆ. ಒಬ್ಬ ಹತ್ತು ಲಕ್ಷ, ಇನ್ನೊಬ್ಬ ಎರಡು ಲಕ್ಷ ಹಾಕಿದ್ದರೂ ಲಾಭ ಸಮಸಮ. ಬೆಳಗಿನಿಂದ ರಾತ್ರಿವರೆಗೆ ಗಾಣದ ಹತ್ತಿರ ನಿಂತವನಿಗೂ ಸಂಬಳ ಇಲ್ಲ. ಒಬ್ಬ ಪಾಲುದಾರ ತೀರಿಕೊಂಡರೆ ಫರ್ಮೇ ವಿಸರ್ಜನೆ. ಇವನ್ನೆಲ್ಲ ಬೇರೆ ಥರ ಬೇಕೆಂದರೆ ಡೀಡಿನಲ್ಲಿ ಬರೆಯಬೇಕು.

ತೆರಿಗೆಯಲ್ಲೂ ಡೀಡಿನ ಮಾತೇ ನಡೆಯುತ್ತದೆ. ಫರ್ಮಿಗೆ ಉಳಿದ ಲಾಭದ ಮೇಲೆ ಮೊದಲ ರೂಪಾಯಿಯಿಂದಲೇ 30 ಪರ್ಸೆಂಟು, ಸೆಸ್ ಸೇರಿ 31.2. ಒಂದು ಲೆಕ್ಕ ಹಾಕಿ. ಸಂಬಳಕ್ಕೆ ಮುಂಚಿನ ಲಾಭ 10 ಲಕ್ಷ ಎಂದುಕೊಳ್ಳೋಣ. ದುಡಿಯುವ ಪಾಲುದಾರರ ಸಂಬಳವಾಗಿ ಮೊದಲ 6 ಲಕ್ಷದಲ್ಲಿ 90 ಪರ್ಸೆಂಟು, ಉಳಿದದ್ದರಲ್ಲಿ 60 ಪರ್ಸೆಂಟು ಕಳೆಯಲು ಬಿಡುತ್ತಾರೆ. ಅಂದರೆ 5.4 ಲಕ್ಷ ಮತ್ತು 2.4 ಲಕ್ಷ, ಒಟ್ಟು 7.8 ಲಕ್ಷ. ತೆರಿಗೆ ಬೀಳುವುದು 2.2 ಲಕ್ಷಕ್ಕೆ, 68,640 ರೂಪಾಯಿ. ಸಂಬಳದ ಮಾತು ಡೀಡಿನಲ್ಲಿ ಇಲ್ಲದಿದ್ದರೆ? ಪೂರ್ತಿ 10 ಲಕ್ಷಕ್ಕೆ 3,12,000. ಒಂದು ಪ್ಯಾರಾ ಬಿಟ್ಟುಹೋದದ್ದಕ್ಕೆ ಎರಡು ಲಕ್ಷ ನಲವತ್ಮೂರು ಸಾವಿರ ಜಾಸ್ತಿ. ಪಾಲುದಾರರು ಹಾಕಿದ ಬಂಡವಾಳದ ಬಡ್ಡಿಗೂ ಇದೇ ಮಾತು. 12 ಪರ್ಸೆಂಟಿನವರೆಗೆ ಕಳೆಯಬಹುದು, ಡೀಡಿನಲ್ಲಿ ಇದ್ದರೆ ಮಾತ್ರ.

ಇಷ್ಟೆಲ್ಲ ಸರಿಮಾಡಿದರೂ ಹೊಣೆಯ ವಿಷಯ ಹಾಗೇ ಉಳಿಯುತ್ತದೆ. ಫರ್ಮಿನ ಸಾಲಕ್ಕೆ ಎಲ್ಲರೂ ಸೇರಿಯೂ ಹೊಣೆ, ಒಬ್ಬೊಬ್ಬರೂ ಪೂರ್ತಿಯಾಗಿಯೂ ಹೊಣೆ. ಭಾವ ಫರ್ಮಿನ ಹೆಸರಲ್ಲಿ ಉದ್ದರಿಗೆ ಕೊಬ್ಬರಿ ತಂದು ದುಡ್ಡು ಕಟ್ಟದಿದ್ದರೆ ಮಂಡಿಯವರು ಮೈದುನನ ಹತ್ತಿರ ಪೂರ್ತಿ ಹಣ ಕೇಳಬಹುದು. ಹೊರಗೆ ಬಂದ ಪಾಲುದಾರನೂ ಸಾರ್ವಜನಿಕ ಪ್ರಕಟಣೆ ಕೊಡದಿದ್ದರೆ ಆಮೇಲಿನ ವ್ಯವಹಾರಕ್ಕೆ ಸಿಕ್ಕಿಹಾಕಿಕೊಳ್ಳಬಹುದು.

ಎಲ್‌ಎಲ್‌ಪಿ: ನಡುವಿನ ದಾರಿ

ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್, ಅಂದರೆ ಹೊಣೆಗೆ ಮಿತಿ ಇರುವ ಪಾಲುದಾರಿಕೆ. 2008ರ ಕಾಯ್ದೆಯಿಂದ ಬಂದದ್ದು. ಒಳಗೆ ಪಾಲುದಾರಿಕೆಯ ಥರ, ಹೊರಗೆ ಕಂಪನಿಯ ಥರ. ಎಲ್‌ಎಲ್‌ಪಿಗೆ ತನ್ನದೇ ಹೆಸರು, ತನ್ನದೇ ಆಸ್ತಿ. ಒಬ್ಬ ಪಾಲುದಾರ ಮಾಡಿದ ತಪ್ಪಿಗೆ ಇನ್ನೊಬ್ಬರ ಮನೆ ಹೋಗುವುದಿಲ್ಲ, ಹಾಕಲು ಒಪ್ಪಿದ ಬಂಡವಾಳದ ಮಟ್ಟಿಗೆ ಹೊಣೆ. ಕನಿಷ್ಠ ಬಂಡವಾಳ ಇಷ್ಟೇ ಇರಬೇಕು ಎಂದಿಲ್ಲ. ಬಂಡವಾಳ ಒಂದು ಲಕ್ಷದೊಳಗಿದ್ದರೆ ಸರ್ಕಾರದ ನೋಂದಣಿ ಶುಲ್ಕ 500 ರೂಪಾಯಿ. ಡಿಜಿಟಲ್ ಸಹಿ, ಆಡಿಟರ್ ಅಥವಾ ಕಂಪನಿ ಸೆಕ್ರೆಟರಿ ಫೀಸು, ಕರಾರಿನ ಸ್ಟಾಂಪು ಬೇರೆ.

ಅರ್ಜಿಯ ಹೆಸರು ಫಿಲಿಪ್. ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಜಾಲತಾಣದಲ್ಲಿ ಸಿಗುತ್ತದೆ. ನೋಂದಣಿ ಸರ್ಟಿಫಿಕೇಟು ಬಂದ ಮೇಲೆ 30 ದಿನದೊಳಗೆ ಪಾಲುದಾರರ ಕರಾರನ್ನು ಫಾರ್ಮ್ 3ರಲ್ಲಿ ಹಾಕಬೇಕು. ಬಹಳ ಜನ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸುತ್ತಾರೆ, ಫಾರ್ಮ್ 3 ಮರೆಯುತ್ತಾರೆ.

ವರ್ಷಕ್ಕೆ ಎರಡು ತಾರೀಕು ಗೋಡೆಗೆ ಬರೆದಿಡಿ. ಮೇ 30ಕ್ಕೆ ಫಾರ್ಮ್ 11, ಅಕ್ಟೋಬರ್ 30ಕ್ಕೆ ಫಾರ್ಮ್ 8. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಹಾಕಬೇಕು. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ, ಎರಡರಲ್ಲಿ ಒಂದೂ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಬೇಡ. ಸಣ್ಣವರಿಗೆ ಇದು ದೊಡ್ಡ ಉಳಿತಾಯ. ತೆರಿಗೆ ಫರ್ಮಿನದ್ದೇ ಥರ. ಒಂದು ವ್ಯತ್ಯಾಸ: ಮೇಲೆ ಹೇಳಿದ 6-8 ಪರ್ಸೆಂಟಿನ ಸುಲಭ ಲೆಕ್ಕ ಎಲ್‌ಎಲ್‌ಪಿಗೆ ಸಿಗುವುದಿಲ್ಲ. ಫರ್ಮಿಗೆ ಸಿಗುತ್ತದೆ, ಆದರೆ ಆಗ ಪಾಲುದಾರರ ಸಂಬಳ ಬೇರೆ ಕಳೆಯುವಂತಿಲ್ಲ.

ಹೊಣೆ ಕಡಿಮೆ ಎನ್ನುವುದನ್ನೂ ಪೂರ್ತಿ ನಂಬಬೇಡಿ. ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಮ್ಯಾನೇಜರು ಪಾಲುದಾರರ ವೈಯಕ್ತಿಕ ಜಾಮೀನು ಕೇಳುತ್ತಾರೆ. ಕಂಪನಿಯಾದರೆ ಡೈರೆಕ್ಟರುಗಳದ್ದು ಕೇಳುತ್ತಾರೆ. ಸಹಿ ಹಾಕಿದಿರೋ, ಆ ಸಾಲದ ಮಟ್ಟಿಗೆ ರಕ್ಷಣೆ ಹೋಯಿತು. ಸರಕು ಕೊಟ್ಟವರು, ಜಾಗ ಬಾಡಿಗೆಗೆ ಕೊಟ್ಟವರು, ಕೇಸು ಹಾಕುವ ಗ್ರಾಹಕರು, ಇವರ ವಿಷಯದಲ್ಲಿ ಮಾತ್ರ ರಕ್ಷಣೆ ಉಳಿಯುತ್ತದೆ.

ಪ್ರೈವೇಟ್ ಲಿಮಿಟೆಡ್, ಜೊತೆಗೆ ಒಪಿಸಿ

ಹೊರಗಿನವರ ಬಂಡವಾಳ ಬರುವುದಿದ್ದರೆ ಇದೇ ದಾರಿ. ಷೇರು ಕೊಡಬಹುದು, ಕೆಲಸಗಾರರಿಗೂ ಷೇರು ಕೊಡುವ ಯೋಜನೆ ಮಾಡಬಹುದು. ಎಲ್‌ಎಲ್‌ಪಿಯಲ್ಲಿ ಷೇರೇ ಇಲ್ಲ. ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರುಗಳು ಬೇಕು, ಅವರೇ ಇವರಾದರೂ ಸರಿ. ಒಬ್ಬ ಡೈರೆಕ್ಟರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿ ಇರಬೇಕು.

2020ರಲ್ಲಿ ಬಂದ ಸ್ಪೈಸ್ ಪ್ಲಸ್ ಫಾರ್ಮಿನಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ (ಮೂಲದಲ್ಲೇ ತೆರಿಗೆ ಹಿಡಿದು ಕಟ್ಟುವವರ ನಂಬರು), ಪಿಎಫ್, ಇಎಸ್ಐ, ಬ್ಯಾಂಕ್ ಖಾತೆ ಎಲ್ಲ ಒಟ್ಟಿಗೆ ಆಗುತ್ತದೆ, ಬೇಕಿದ್ದರೆ ಜಿಎಸ್‌ಟಿಯೂ. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೆಚ್ಚೆಂದರೆ ಎಷ್ಟು ರೂಪಾಯಿಯ ಷೇರು ಕೊಡಬಹುದು ಎಂಬ ಮಿತಿ, 15 ಲಕ್ಷದವರೆಗೆ ಇದ್ದರೆ ಸಚಿವಾಲಯದ ನೋಂದಣಿ ಶುಲ್ಕ ಸೊನ್ನೆ, ರಾಜ್ಯದ ಸ್ಟಾಂಪ್ ಶುಲ್ಕ ಕಟ್ಟಬೇಕು. ವಿಳಾಸಕ್ಕೆ ಮನೆಯಾದರೂ ನಡೆಯುತ್ತದೆ. ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ಲು, ಮಾಲೀಕರ ಒಪ್ಪಿಗೆ ಪತ್ರ ಸಾಕು. "ಎಲ್ಲ ನಾವೇ ಆನ್‌ಲೈನ್‌ನಲ್ಲಿ ಮಾಡ್ಕೋತೀವಿ" ಎನ್ನುವವರಿಗೆ ಒಂದು ಮಾತು. ಈ ಅರ್ಜಿಗೆ ವೃತ್ತಿಯಲ್ಲಿರುವ ಆಡಿಟರ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರ ದೃಢೀಕರಣ ಬೇಕು. ವೆಬ್‌ಸೈಟಿನವರ ಮೂಲಕ ಹೋದರೂ ಹಿಂದೆ ಯಾರೋ ಒಬ್ಬರು ಸಹಿ ಹಾಕಿರುತ್ತಾರೆ. ಅವರು ಯಾರು, ಮುಂದಿನ ವರ್ಷ ಫೋನ್ ಎತ್ತುತ್ತಾರಾ ಎಂದು ಕೇಳಿಕೊಳ್ಳಿ.

ಮೊದಲ ವರ್ಷವೇ ಕೆಲಸ ಶುರು. 30 ದಿನದಲ್ಲಿ ಆಡಿಟರ್ ನೇಮಕ, 180 ದಿನದಲ್ಲಿ ಷೇರು ಹಣ ಬಂದಿದೆ ಎಂಬ ಘೋಷಣೆ. ವ್ಯಾಪಾರ ಸೊನ್ನೆಯಾದರೂ ಪ್ರತಿವರ್ಷ ಆಡಿಟ್ ಕಡ್ಡಾಯ. ಆಮೇಲೆ ಲೆಕ್ಕಪತ್ರಕ್ಕೆ ಒಂದು ಫಾರ್ಮು, ವಾರ್ಷಿಕ ವರದಿಗೆ ಒಂದು ಫಾರ್ಮು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಎರಡನ್ನೂ ಒಂದು ವರ್ಷ ಮರೆತರೆ 73,000. ಮುಚ್ಚಲು ಹೋದರೆ ಮೊದಲು ಈ ಬಾಕಿ ಎಲ್ಲ ತೀರಿಸಿ, ಸಾಲ ಚುಕ್ತಾ ಮಾಡಿ, ಆಮೇಲೆ 10,000 ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಹುರುಪಿನಲ್ಲಿ ಕಂಪನಿ ಮಾಡಿ, ಆರು ತಿಂಗಳಲ್ಲಿ ಕೈಬಿಟ್ಟು, ಮೂರು ವರ್ಷದ ಮೇಲೆ ನೋಟಿಸು ಹಿಡಿದು ಬಂದವರನ್ನು ನಾನು ಕಂಡಿದ್ದೇನೆ.

ತೆರಿಗೆ 22 ಪರ್ಸೆಂಟಿನ ಆಯ್ಕೆ ತೆಗೆದುಕೊಂಡರೆ ಸರ್ಚಾರ್ಜು, ಸೆಸ್ ಸೇರಿ 25.17ರ ಹತ್ತಿರ. ಫರ್ಮಿಗಿಂತ ಕಡಿಮೆ ಕಾಣುತ್ತದೆ. ಆದರೆ ಉಳಿದ ಲಾಭವನ್ನು ಡಿವಿಡೆಂಡ್ ಎಂದು ಮನೆಗೆ ತಂದರೆ ಷೇರುದಾರರ ಕೈಯಲ್ಲಿ ಮತ್ತೆ ತೆರಿಗೆ. ಫರ್ಮು, ಎಲ್‌ಎಲ್‌ಪಿಯ ಲಾಭದ ಪಾಲಿಗೆ ಹಾಗೆ ಎರಡನೇ ಸಲ ತೆರಿಗೆ ಇಲ್ಲ. ಲಾಭವನ್ನು ವ್ಯಾಪಾರದಲ್ಲೇ ಮತ್ತೆ ಹೂಡುವವರಿಗೆ ಕಂಪನಿ ಲೇಸು.

ಒಬ್ಬರೇ ಇದ್ದು ಹೊಣೆ ಮಿತಿ ಬೇಕೆಂದರೆ ಒಪಿಸಿ, ಅಂದರೆ ಏಕವ್ಯಕ್ತಿ ಕಂಪನಿ ಇದೆ. ಒಬ್ಬ ನಾಮಿನಿ ಹೆಸರು ಕೊಡಬೇಕು. 2021ರ ಏಪ್ರಿಲ್‌ನಿಂದ ಅನಿವಾಸಿ ಭಾರತೀಯರೂ ಮಾಡಬಹುದು. ಆಡಿಟ್ ಮಾತ್ರ ತಪ್ಪುವುದಿಲ್ಲ. ನನ್ನ ಅನುಭವದಲ್ಲಿ ಒಬ್ಬರೇ ಸಲಹೆಗಾರರಾಗಿ ದೊಡ್ಡ ಕಂಪನಿಗಳ ಜೊತೆ ಕರಾರು ಮಾಡುವವರಿಗೆ ಬಿಟ್ಟರೆ ಇದು ಬೇಕಾಗುವುದು ಅಪರೂಪ.

ಆನ್‌ಲೈನ್‌ನಲ್ಲಿ ಎಲ್ಲಿ ಎಡವುತ್ತೀರಿ

ಉದ್ಯಮ್ ನೋಂದಣಿಗೆ ಒಂದು ಪೈಸೆ ಇಲ್ಲ. ಆಧಾರ್, ಪ್ಯಾನ್ ಸಾಕು, ಕಾಗದ ಅಪ್‌ಲೋಡ್ ಮಾಡುವುದೂ ಇಲ್ಲ. ಜಿಎಸ್‌ಟಿ ನೋಂದಣಿಗೂ ಶುಲ್ಕವಿಲ್ಲ. ಆದರೂ ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎನ್ನುವ ಹಾಗೆ ಕಾಣುವ ಖಾಸಗಿ ಪುಟ ಮೇಲೆ ಬರುತ್ತದೆ. ಧಾರವಾಡದ ಅಕ್ಕ ಅಂಥ ಒಂದು ಕಡೆ ಎರಡು ಸಾವಿರ ಕಟ್ಟಿ ಬಂದಿದ್ದರು. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿ, ಆಮೇಲೆ ಓಟಿಪಿ ಕೊಡಿ.

ಇನ್ನೊಂದು ತಪ್ಪು ತಿಳುವಳಿಕೆ ಹೆಸರಿನದ್ದು. ಫರ್ಮನ್ನೋ ಕಂಪನಿಯನ್ನೋ ನೋಂದಾಯಿಸಿದರೆ ಲೇಬಲ್ಲಿನ ಹೆಸರು ನಿಮ್ಮದಾಗುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ಬೇರೆ. ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ 4,500, ಉಳಿದವರಿಗೆ 9,000 ರೂಪಾಯಿ. ಉದ್ಯಮ್ ಸರ್ಟಿಫಿಕೇಟು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂವರಿಗೆ ನಾನು ಹೇಳಿದ್ದು

ಧಾರವಾಡದ ಅಕ್ಕನಿಗೆ ಪ್ರೊಪ್ರೈಟರ್‌ಶಿಪ್ ಸಾಕು. ಸಾಲ ಇಲ್ಲ, ಪಾಲುದಾರರಿಲ್ಲ, ಬಂಡವಾಳ ಮನೆಯದ್ದು. ಉದ್ಯಮ್ ಜೊತೆಗೆ ಆಹಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಎಂದೆ. ಮಾತಿನ ನಡುವೆ, "ಪುಣೆಗೂ ಕೊರಿಯರ್ ಮಾಡ್ತೀನ್ರೀ" ಅಂದರು. ಅಲ್ಲಿ ನಿಲ್ಲಿಸಿದೆ. ಕೆಲವು ಕರಕುಶಲ ವಸ್ತುಗಳ ವಿನಾಯಿತಿ ಬಿಟ್ಟರೆ, ಬೇರೆ ರಾಜ್ಯಕ್ಕೆ ತೆರಿಗೆ ಇರುವ ಸರಕು ಮಾರುವವರಿಗೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಜಿಎಸ್‌ಟಿ ಮೊದಲೇ ಬೇಕು. ಪುಣೆಯ ಗಿರಾಕಿಗಳು ಎಷ್ಟಿದ್ದಾರೆ ಎಂದು ಎಣಿಸಿ ಆಮೇಲೆ ಹೇಳುತ್ತೇನೆ ಎಂದು ಹೋಗಿದ್ದಾರೆ.

ಹುಬ್ಬಳ್ಳಿಯ ಹುಡುಗರಿಗೆ ಹೂಡಿಕೆದಾರರು ಮಾತಾಡುತ್ತಿದ್ದಾರೆ, ಹಾಗಾಗಿ ಪ್ರೈವೇಟ್ ಲಿಮಿಟೆಡ್. ಊರಲ್ಲೇ ಉಳಿಯುವವನು 182 ದಿನದ ಡೈರೆಕ್ಟರ್. ಜರ್ಮನಿಗೆ ಹೋಗುವವನು ವಿಮಾನ ಹತ್ತುವ ಮೊದಲು ಡಿಜಿಟಲ್ ಸಹಿ ಮಾಡಿಸಿ, ಕಾಗದಗಳಿಗೆ ಸಹಿ ಹಾಕಿ ಹೋಗಲಿ. ಅವನು ಕೆಲಸ ಬಿಟ್ಟು ಬಾರದೇ ಇದ್ದರೆ ಅವನ ಷೇರು ಏನಾಗಬೇಕು ಎಂದೂ ಈಗಲೇ ಬರೆದುಕೊಳ್ಳಲಿ. ಹೂಡಿಕೆದಾರರ ಮಾತು ಬರೀ ಮಾತಾಗಿದ್ದರೆ ಎಲ್‌ಎಲ್‌ಪಿಯಲ್ಲೇ ಶುರು ಮಾಡಿ, ಆಮೇಲೆ ಕಂಪನಿಯಾಗಿ ಬದಲಿಸಬಹುದು. ಅದಕ್ಕೂ ಖರ್ಚು, ಓಡಾಟ ಇದೆ.

ಭಾವ-ಮೈದುನರ ವಿಷಯ ಬೇಗ ಮುಗಿಯಲಿಲ್ಲ. ಇಬ್ಬರೂ ಮನೆಯವರು, ನಂಬಿಕೆ ಇದೆ, ಪಾಲುದಾರಿಕೆ ಅಗ್ಗ. ಆದರೆ 2025ರಲ್ಲಿ ಕೊಬ್ಬರಿ ಬೆಲೆ ಹೇಗೆ ಏರಿತು ಎನ್ನುವುದು ತಿಪಟೂರಿನವರಿಗೆ ನಾನು ಹೇಳಬೇಕಿಲ್ಲ. ಉದ್ದರಿಗೆ ಸರಕು ತಂದು, ಉದ್ದರಿಗೆ ಎಣ್ಣೆ ಮಾರುವ ವ್ಯಾಪಾರದಲ್ಲಿ ಒಂದು ಸೀಸನ್ ಕೈಕೊಟ್ಟರೆ ಇಬ್ಬರ ತೋಟಕ್ಕೂ ತೊಂದರೆ. ನಾನು ಎಲ್‌ಎಲ್‌ಪಿ ಎಂದೆ. ಮೈದುನ ಒಪ್ಪಿದ. ಭಾವ, "ವರ್ಷಕ್ಕೆ ಎರಡು ಸಲ ಫಾರ್ಮ್ ಹಾಕೋದು ಯಾರು?" ಎಂದ. ಮೈದುನ "ನಾನೇ" ಎಂದ. ಅದನ್ನೂ ಕರಾರಿನಲ್ಲಿ ಬರೆಸಿದೆವು. ದೆಹಲಿಯ ಕೋರ್ಟು ತೆಗೆದು ತಿಪಟೂರು ಹಾಕಿದೆವು. ದುಡಿಯುವ ಇಬ್ಬರ ಸಂಬಳ, ಬಂಡವಾಳದ ಬಡ್ಡಿ, ಒಬ್ಬ ಹೊರಹೋದರೆ ಗಾಣ ಯಾರಿಗೆ, ಇದಿಷ್ಟಕ್ಕೆ ಎರಡು ಸಂಜೆ, ಆರು ಲೋಟ ಕಾಫಿ ಹಿಡಿಯಿತು. ಆಡಿಟರ್ ಕೈಲಿ ಫಾರ್ಮ್ ತುಂಬಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ.